ಖಾಲಿ ಜಾಗದ ತೂಕ: ಮಿಣುಕುವ ಮಾನಿಟರ್ ಜೊತೆ ಹದಿನೆಂಟು ದಿನ

ಹೋಳಿ ಹುಣ್ಣಿಮೆ ಮುಗಿದ ಮರುವಾರ ನನ್ನ ಮೇಜಿನ ಮೇಲೆ ಎರಡು ಕೆಲಸ ಇದ್ದವು. ಒಂದು, 144 ಪುಟದ ವಚನ ವ್ಯಾಖ್ಯಾನ, ಡೆಮಿ 1/8 ಅಳತೆ, ಒಟ್ಟು 9 ಫಾರ್ಮು, ಅಂದರೆ ಹದಿನಾರು ಪುಟದ ಒಂಬತ್ತು ಕಂತೆ. ಇನ್ನೊಂದು, ಲಗ್ನಪತ್ರಿಕೆಗಳು. ಯುಗಾದಿ ಆದ ಕೂಡಲೇ ಮುಹೂರ್ತ ಶುರುವಾಗುತ್ತವೆ, ಜನ ಅದಕ್ಕೂ ಹದಿನೈದು ದಿನ ಮೊದಲೇ ಬಂದು ಕೂಡುತ್ತಾರೆ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪಿಗೆ ಹಚ್ಚಿದ 27 ಇಂಚಿನ ಮಾನಿಟರ್ ಮಿಣುಕಲು ಹತ್ತಿತು.

ಲ್ಯಾಪ್‌ಟಾಪಿನ ಸ್ವಂತ ಪರದೆ ಇದೆಯಲ್ಲ, ಅದರಲ್ಲೇ ಮಾಡಿದರಾಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ಅಳತೆ ಹೇಳುತ್ತೇನೆ. 14 ಇಂಚಿನ ಪರದೆಯ ಎತ್ತರ ಹದಿನೇಳೂವರೆ ಸೆಂಟಿಮೀಟರ್ ಸಹ ಇಲ್ಲ. ಡೆಮಿ 1/8 ಪುಟದ ಎತ್ತರ ಇಪ್ಪತ್ತೊಂದು ದಾಟುತ್ತದೆ. ಅಂದರೆ ಒಂದು ಪುಟವನ್ನೂ ಅದರ ನಿಜವಾದ ಅಳತೆಯಲ್ಲಿ ಪೂರ್ತಿ ನೋಡಲಾಗದು. ಕುಗ್ಗಿಸಿ ನೋಡಿದರೆ ‘ರಾಷ್ಟ್ರ’ದ ಒತ್ತುಗಳು ಒಂದರ ಮೇಲೊಂದು ಬಿದ್ದು ಕರಿ ಚುಕ್ಕೆಯಾಗುತ್ತವೆ, ‘ಪ’ಕ್ಕೂ ‘ವ’ಕ್ಕೂ ಫರಕು ಕಾಣದು. 27 ಇಂಚಿನ ಮಾನಿಟರಿನಲ್ಲಾದರೆ ಎದುರುಬದುರಿನ ಎರಡು ಪುಟ ನಿಜವಾದ ಅಳತೆಯಲ್ಲೇ ಕೂತು, ಬದಿಗೆ ಟೂಲ್‌ಗಳಿಗೂ ಜಾಗ ಉಳಿಯುತ್ತದೆ. ಪ್ರೂಫ್ ನೋಡುವವರ ಕಣ್ಣಿಗೆ ಅದು ದೊಡ್ಡ ಆಸರೆ.

ನಮ್ಮ ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಅಪ್ಪ ಸೀಸದ ಅಚ್ಚುಮೊಳೆ ಜೋಡಿಸುವ ಕಾಲದ ಕಂಪೋಜಿಟರ್. ನಾನು ಅದೇ ಖೋಲಿಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಮೊಳೆ ಇಡುವ ಅವರ ಹಳೆಯ ಟೈಪ್ ಕೇಸುಗಳು ಇನ್ನೂ ಗೋಡೆಗೆ ಆನಿಕೊಂಡಿವೆ. ಈ ರಿಪೇರಿಯ ಕೊನೆಯಲ್ಲಿ ಆ ಕೇಸುಗಳೇ ನೆರವಿಗೆ ಬಂದವು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮೊದಲ ದಿನ, ಸೋಮವಾರ

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಿಟ್ಟಿನಲ್ಲೇ ಹೋಯಿತು. ಕೇಬಲ್ ತೆಗೆ, ಹಾಕು, ಮಾನಿಟರ್ ಆಫ್ ಮಾಡು, ಆನ್ ಮಾಡು. ಇದರಿಂದ ಏನೂ ತಿಳಿಯಲಿಲ್ಲ. ಊಟವಾದ ಮೇಲೆ ಒಂದು ಬಿಲ್ ಬುಕ್ಕಿನ ಹಿಂಭಾಗಕ್ಕೆ ಗೆರೆ ಎಳೆದು ಮೂರು ಕಾಲಂ ಮಾಡಿದೆ: ಎಷ್ಟು ಗಂಟೆಗೆ ಆಯಿತು, ಏನು ಕಂಡಿತು, ಆಗ ಸುತ್ತ ಏನು ನಡೆದಿತ್ತು. ಹದಿನೆಂಟು ದಿನದಲ್ಲಿ ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಮೂರು ಗೆರೆ.

ಸಂಜೆಯ ಹೊತ್ತಿಗೆ ಒಂದು ಸಂಗತಿ ಎದ್ದು ಕಂಡಿತು. ನಾನು ಬಾಯಲ್ಲಿ ‘ಮಿಣುಕುತ್ತದೆ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದುದು ಎರಡು ಬೇರೆ ಬೇರೆ ಕಾಟ. ಒಂದು: ಪರದೆ ಪೂರ್ತಿ ಕಪ್ಪಾಗಿ, ಎರಡು ಮೂರು ಸೆಕೆಂಡು ಬಿಟ್ಟು ಮರಳಿ ಬರುವುದು. ಇನ್ನೊಂದು: ಚಿತ್ರ ಹೋಗುವುದಿಲ್ಲ, ಆದರೆ ಬೂದು ಬಣ್ಣದ ಕಡೆಯೆಲ್ಲ ಬಿಳಿ, ಹಸಿರು, ಗುಲಾಬಿ ಚುಕ್ಕೆಗಳು ಸಾಸಿವೆ ಸಿಡಿದಂತೆ ಸಿಡಿಯುವುದು. ಪುಸ್ತಕದಲ್ಲಿ ಮೊದಲನೆಯದಕ್ಕೆ ‘ಕ’, ಎರಡನೆಯದಕ್ಕೆ ‘ಚ’ ಎಂದು ಗುರುತು ಹಾಕಿದೆ. ಆ ದಿನ ‘ಕ’ ಒಂಬತ್ತು ಸಲ. ‘ಚ’ ಎಣಿಸಲು ಬರುವಂತಿರಲಿಲ್ಲ.

ಎರಡನೆಯ, ಮೂರನೆಯ ದಿನ

ತಪ್ಪು ಎಲ್ಲಿದೆ ಎಂದು ಪಾಲು ಮಾಡಿ ನೋಡುವ ಕೆಲಸ. ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು, ಚುಕ್ಕೆ ಸಿಡಿಯುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದೆ. ಅದನ್ನು ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಒಂದೂ ಚುಕ್ಕೆ ಇಲ್ಲ. ಅಂದರೆ ಗ್ರಾಫಿಕ್ಸ್ ಚಿತ್ರವನ್ನು ಸರಿಯಾಗಿಯೇ ಬರೆಯುತ್ತಿದೆ, ಹೊರಗೆ ಹೋಗುವ ದಾರಿಯಲ್ಲಿ ಕೆಡುತ್ತಿದೆ. ಆಮೇಲೆ ಮಾನಿಟರಿನ ಬಟನ್ ಒತ್ತಿ ಅದರ ಮೆನು ತೆರೆದೆ. ಹಿಂದಿನ ಚಿತ್ರದಲ್ಲಿ ಚುಕ್ಕೆ ಕುಣಿಯುತ್ತಿದ್ದರೂ ಮೆನುವಿನ ಮೇಲೆ ಒಂದೂ ಬೀಳಲಿಲ್ಲ. ಮೆನುವನ್ನು ಮಾನಿಟರ್ ತಾನೇ ಬರೆಯುವುದರಿಂದ ಪ್ಯಾನೆಲ್ಲೂ ಅದರ ಹಿಂದಿನ ದೀಪವೂ ಚೊಕ್ಕ ಇವೆ ಎಂದಾಯಿತು. ಕೇಬಲ್ ಕಿತ್ತು ‘ಸಿಗ್ನಲ್ ಇಲ್ಲ’ ಎಂಬ ಪೆಟ್ಟಿಗೆ ತೇಲುವುದನ್ನೂ ಹತ್ತು ನಿಮಿಷ ನೋಡಿದೆ, ಅಲುಗಾಟವಿಲ್ಲ.

ಚಿಗವ್ವನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಫೋನಿನಲ್ಲಿ, ‘ಅಕ್ಕಾ, ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಬಂದ್ ಮಾಡಿ ನೋಡು, ನನ್ನ ಲ್ಯಾಪ್‌ಟಾಪಿಗೆ ಅದರಿಂದನ ಆರಾಮ ಆತು’ ಎಂದ. ಅವನು ಹೇಳಿದ್ದು ನಿಜವೇ, ಆದರೆ ಅದು ಲ್ಯಾಪ್‌ಟಾಪಿನ ಒಳಪರದೆಯ ಕಾಯಿಲೆಗೆ ಮದ್ದು. ಪರದೆಯ ಚಿತ್ರ ಬದಲಾಗದಿದ್ದಾಗ ವಿದ್ಯುತ್ ಉಳಿಸಲು ಒಳಪ್ಯಾನೆಲ್ ಹಳೆಯ ಚಿತ್ರವನ್ನು ತಾನೇ ತೋರಿಸುತ್ತಿರುವ ಏರ್ಪಾಡು ಅದು. ಚಿತ್ರವನ್ನು ಹೊರಗೆ ಒಯ್ಯುವ ಎಚ್‌ಡಿಎಂಐ ಕೇಬಲಿನ ಆ ತುದಿಗಿರುವ ಮಾನಿಟರಿಗೆ ಸಂಬಂಧವಿಲ್ಲ.

ಮೂರನೆಯ ದಿನ ಲ್ಯಾಪ್‌ಟಾಪನ್ನು ಮನೆಗೆ ಒಯ್ದು ಟಿವಿಗೆ ಹಚ್ಚಿದೆ. ಅದೇ ಪೋರ್ಟು, ಅದೇ ಕೇಬಲ್. ಎರಡು ತಾಸು ಒಂದೂ ಚುಕ್ಕೆ ಇಲ್ಲ, ಒಂದು ಸಲವೂ ಕಪ್ಪಾಗಲಿಲ್ಲ. ಇದೇ ನನ್ನನ್ನು ದಾರಿ ತಪ್ಪಿಸಿತು. ಪೋರ್ಟೂ ಕೇಬಲ್ಲೂ ಸರಿ ಇವೆ, ಮಾನಿಟರಿನದೇ ದೋಷ ಎಂದುಕೊಂಡು ಪಕ್ಕದಂಗಡಿಯವರ ಲ್ಯಾಪ್‌ಟಾಪ್ ತಂದು ಮಾನಿಟರಿಗೆ ಹಚ್ಚಿದರೆ ಚುಕ್ಕೆಯೇ ಇಲ್ಲ! ಮಾನಿಟರ್ ಸರಿ, ಕೇಬಲ್ ಸರಿ, ಪೋರ್ಟ್ ಸರಿ. ಮೂರೂ ಕೂಡಿದಾಗ ಮಾತ್ರ ಕೆಡುತ್ತವೆ. ಆ ರಾತ್ರಿ ಇದರ ಅರ್ಥ ಹೊಳೆಯಲಿಲ್ಲ. ಆದರೆ ಇನ್ನೊಂದು ವಿಷಯ ಗಮನಕ್ಕೆ ಬಂತು: ಪಕ್ಕದವರ ಲ್ಯಾಪ್‌ಟಾಪ್ ಹಚ್ಚಿದಾಗಲೂ ‘ಕ’ ಒಂದು ಸಲ ಆಗಿತ್ತು. ಅಂದರೆ ಕಪ್ಪಾಗುವ ಕಾಟದ ಬೇರು ನನ್ನ ಲ್ಯಾಪ್‌ಟಾಪಿನಲ್ಲಿಲ್ಲ. ಅದನ್ನೇ ಮೊದಲು ಹಿಡಿದೆ.

‘ಕ’: ಕಪ್ಪಾಗುವುದು

ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು. ಅದರಲ್ಲಿ ಯುಡೆವ್‌ಎಡಿಎಂ ಎಂಬ ಆಜ್ಞೆಯ ಮಾನಿಟರ್ ಆಯ್ಕೆಯನ್ನು ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಓಡಿಸಿಟ್ಟರೆ, ಸಾಧನಗಳನ್ನು ಹಚ್ಚಿದಾಗ, ಕಿತ್ತಾಗ ಒಂದೊಂದು ಸಾಲು ಬೀಳುತ್ತದೆ. ಪರದೆ ಕಪ್ಪಾದಾಗಲೆಲ್ಲ ಒಂದು ಸಾಲು ಬಿತ್ತು, ತೆರೆದಿದ್ದ ಪುಟಗಳೂ ಒಳಪರದೆಗೆ ಜಿಗಿದು ವಾಪಸು ಬಂದವು. ಯಾರೋ ಕೇಬಲ್ ಕಿತ್ತು ಮತ್ತೆ ಹಾಕಿದರೆಂದು ಲ್ಯಾಪ್‌ಟಾಪ್ ತಿಳಿದುಕೊಳ್ಳುತ್ತಿತ್ತು. ಎಚ್‌ಡಿಎಂಐನ 19 ಪಿನ್ನುಗಳಲ್ಲಿ ಕೊನೆಯದರ ಕೆಲಸವೇ ಅದು, ಆ ತುದಿಯಲ್ಲಿ ಮಾನಿಟರ್ ಇದೆ ಎಂದು ಹೇಳುವುದು. 18ನೆಯ ಪಿನ್ನಿನಲ್ಲಿ ಲ್ಯಾಪ್‌ಟಾಪ್ ಕಳಿಸುವ 5 ವೋಲ್ಟನ್ನು ಮಾನಿಟರ್ 19ನೆಯದರಲ್ಲಿ ತಿರುಗಿ ತೋರಿಸುತ್ತದೆ. ಅಲ್ಲಿ ಒಂದು ಗಳಿಗೆ ಏರುಪೇರಾದರೂ ಸಂಬಂಧ ಕಡಿದು ಮೊದಲಿನಿಂದ ಹೊಂದಿಸಿಕೊಳ್ಳಬೇಕು. ಅದಕ್ಕೇ ಆ ಎರಡು ಮೂರು ಸೆಕೆಂಡು. ಚುಕ್ಕೆ ಸಿಡಿಯುವಾಗ ಇಂಥ ಒಂದೂ ಸಾಲು ಬೀಳಲಿಲ್ಲ. ಎರಡು ಕಾಟಗಳು ಬೇರೆಯೇ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಈಗ ಮೂರನೆಯ ಕಾಲಂ ನೋಡಿದೆ. 10-40, 11-15, 12-05. ಗೋಡೆಯ ಆಚೆಗಿನ ಬೈಂಡಿಂಗ್ ಅಂಗಡಿಯಲ್ಲಿ ಪೇಪರ್ ಕಟಿಂಗ್ ಮಷೀನಿನ ಮೋಟಾರು ಎದ್ದ ಹೊತ್ತು. ಮತ್ತೆ ಕೆಲವು ಸಲ ಮೋಟಾರು ಇಲ್ಲ, ಏನೂ ಇಲ್ಲ, ‘ನಾನು ನೀರು ಕುಡಿಯಲು ಎದ್ದೆ’ ಎಂದು ಬರೆದಿತ್ತು. ಅದನ್ನು ಬರೆದಾಗ ಅಷ್ಟು ಲಕ್ಷ್ಯವಿರಲಿಲ್ಲ.

ನಮ್ಮ ಓಣಿಯ ವಾಯರ್‌ಮನ್ ಕಾಕಾ ಐದನೆಯ ದಿನ ಬಂದರು. ನಾನು ಇನ್ನೊಂದು ಮಾತೂ ಹೇಳಿದೆ: ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಮುಂಗೈ ಜುಮ್ಮೆನ್ನುತ್ತದೆ. ಅವರು ಅದನ್ನು ಕೇಳಿದ್ದೇ ತಡ, ಟೆಸ್ಟ್ ಲ್ಯಾಂಪ್ ತೆಗೆದರು. ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟರೆ ಝಗ್ ಎಂದು ಉರಿಯಿತು. ಫೇಸಿಗೂ ಅರ್ಥಿಂಗಿಗೂ ಇಟ್ಟರೆ ದೀಪ ಸತ್ತಂತೆ ಇತ್ತು.

‘ನೋಡವಾ, ನಿನ್ನ ಬೋರ್ಡಿಗೆ ಮೂರು ತೂತು ಅದಾವು, ಆದ್ರ ಮೂರನೇದು ಬರೇ ತೂತು. ಅದಕ್ಕ ತಳಾನ ಇಲ್ಲ.’

ಹಿತ್ತಲಿನ ಅರ್ಥಿಂಗ್ ಗುಂಡಿಗೆ ಹೋದೆವು. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಿರಿಯುತ್ತದೆ, ಹೂತಿಟ್ಟ ಪೈಪಿನಿಂದ ಮಣ್ಣು ದೂರ ಸರಿದು ನಡುವೆ ಗಾಳಿ ಉಳಿಯುತ್ತದೆ. ಮಾರ್ಚಿ ತಿಂಗಳಿಗೇ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆ ಪೈಪಿಗೆ ತಂತಿ ಕಟ್ಟಿದ ಕ್ಲ್ಯಾಂಪು ತುಕ್ಕು ತಿಂದು ಕಳಚಿ ಬಿದ್ದಿತ್ತು. ಕಾಕಾ ಪೈಪಿನ ತುದಿ ತಿಕ್ಕಿ, ಹೊಸ ಕ್ಲ್ಯಾಂಪು ಹಾಕಿ ಬಿಗಿದರು. ಗುಂಡಿಗೆ ಇದ್ದಿಲು, ಉಪ್ಪು ಸುರಿದು ನಾಲ್ಕು ಕೊಡ ನೀರು ಹಾಕಿಸಿದರು. ‘ಮಳಿ ಬರೂತನಾ ವಾರಕ್ಕ ಎರಡು ಸಲ ನೀರು ಹಾಕವಾ, ಗಿಡಕ್ಕ ಹಾಕಿದಂಗ’ ಎಂದರು. ಈಗಲೂ ಬುಧವಾರ, ಶನಿವಾರ ಹಾಕುತ್ತೇನೆ. ಇದನ್ನು ಓದಿ ಯಾರೂ ತಾವೇ ಬೋರ್ಡು ಬಿಚ್ಚಬೇಡಿ. 230 ವೋಲ್ಟಿನ ಕೆಲಸ ತಿಳಿದವರದ್ದು.

ಜುಮ್ಮೆನ್ನುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಇರುವ ನಂಟು ಹೀಗೆ. ಅಡಾಪ್ಟರ್ ಒಳಗೆ ವಿದ್ಯುತ್ತಿನ ಗದ್ದಲ ಸೋಸಲು ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಅರ್ಥಿಗೆ ಕೂಡಿರುತ್ತವೆ. ಅರ್ಥ್ ತಂತಿ ನೆಲ ಮುಟ್ಟದಿದ್ದರೆ ಲ್ಯಾಪ್‌ಟಾಪಿನ ಮೈ ನಡುವೆ ತೂಗಾಡುತ್ತ ಹೆಚ್ಚುಕಡಿಮೆ ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಹರಿಯುವ ಕರೆಂಟು ತೀರ ಸಣ್ಣದು, ಹೊಡೆತವಿಲ್ಲ, ಜುಮ್ಮು ಮಾತ್ರ. ಮೋಟಾರು ಎದ್ದಾಗ ಬರುವ ಗದ್ದಲಕ್ಕೆ ನೆಲಕ್ಕಿಳಿಯಲು ದಾರಿ ಸಿಗದೆ ಅದು ಎರಡು ಯಂತ್ರಗಳ ಮೈಗಳನ್ನು ಕೂಡಿಸುವ ಎಚ್‌ಡಿಎಂಐ ಕೇಬಲಿನ ಹೊದಿಕೆಯ ಮೂಲಕವೇ ಓಡಾಡುತ್ತಿತ್ತು.

ಅರ್ಥಿಂಗ್ ಸರಿಯಾದ ಮರುದಿನ ಜುಮ್ಮು ನಿಂತಿತು. ಕಟಿಂಗ್ ಮಷೀನಿನವರಿಗೆ ಹೇಳಿ ಐದು ಸಲ ಮೋಟಾರು ಎಬ್ಬಿಸಿ ನೋಡಿದೆ, ಪರದೆ ಅಲ್ಲಾಡಲಿಲ್ಲ. ಆದರೂ ದಿನಕ್ಕೆ ಎರಡು ಮೂರು ಸಲ ‘ಕ’ ಉಳಿದಿತ್ತು. ಎಲ್ಲ ಕಡೆ ‘ಎದ್ದೆ’ ಎಂದೇ ಬರೆದಿತ್ತು.

ಆಗ ಬೇಕೆಂದೇ ಕುರ್ಚಿಯಿಂದ ಹತ್ತು ಸಲ ಎದ್ದು ಕೂತೆ. ನಾಲ್ಕು ಸಲ ಪರದೆ ಕಪ್ಪಾಯಿತು. ಗ್ಯಾಸ್ ಒತ್ತಡದಿಂದ ಏರಿಳಿಯುವ ಚಕ್ರದ ಕುರ್ಚಿ ಅದು. ಅದರಿಂದ ಎದ್ದಾಗ ಸೀಟಿನಲ್ಲೂ ಕೊಳವೆಯಲ್ಲೂ ಸ್ಥಾಯಿ ವಿದ್ಯುತ್ ಸೇರಿ ಕಿಡಿಯಂತೆ ಖಾಲಿಯಾಗುತ್ತದೆ, ಆ ಕಿಡಿಯ ರೇಡಿಯೋ ಅಲೆಯನ್ನು ಹತ್ತಿರದ ಕೇಬಲ್ ಆಂಟೆನಾದಂತೆ ಹಿಡಿಯುತ್ತದೆ. ಮೊದಲ ಸಲ ಓದಿದಾಗ ನಾನೂ ನಂಬಿರಲಿಲ್ಲ. ನಮ್ಮ ಕಡೆ ಶಿವರಾತ್ರಿಯಿಂದ ಮಳೆ ಬೀಳುವವರೆಗೆ ಗಾಳಿಯಲ್ಲಿ ಪಸೆ ಇರುವುದಿಲ್ಲ, ಸ್ಥಾಯಿ ವಿದ್ಯುತ್ತಿಗೆ ಅದೇ ಬೇಕು. ಅಪ್ಪ ಪ್ರೂಫ್ ನೋಡಲು ಕೂಡುತ್ತಿದ್ದ ಸಾಗವಾನಿ ಕುರ್ಚಿ ಮನೆಯ ಪಡಸಾಲೆಯಲ್ಲಿತ್ತು. ಅದನ್ನು ತಂದು ಹಾಕಿ, ಹತ್ತು ಸಲ ಎದ್ದು ಕೂತೆ. ಸೊನ್ನೆ. ಎಂಟನೆಯ ದಿನದಿಂದ ‘ಕ’ ಕಾಲಂ ಖಾಲಿ.

‘ಚ’: ಚುಕ್ಕೆ ಸಿಡಿಯುವುದು

ಅರ್ಥಿಂಗ್, ಕುರ್ಚಿ ಯಾವುದೂ ಚುಕ್ಕೆಯನ್ನು ಮುಟ್ಟಲಿಲ್ಲ. ಇದನ್ನು ಅಳೆಯಲು ಒಂದು ಉಪಾಯ ಮಾಡಿಕೊಂಡೆ: ಇಡೀ ಪರದೆಗೆ ಕಡು ಬೂದು ಬಣ್ಣ ಹಚ್ಚಿ, ಗಡಿಯಾರ ನೋಡಿ ಐದು ನಿಮಿಷ ಚುಕ್ಕೆ ಎಣಿಸುವುದು. ಎಚ್‌ಡಿಎಂಐನಲ್ಲಿ ಚಿತ್ರದ ಭಾಗಕ್ಕೆ ತಪ್ಪು ತಿದ್ದುವ ಏರ್ಪಾಡು ಇಲ್ಲ. ಒಂದು ಬಿಟ್ ತಪ್ಪಾಗಿ ಓದಿಕೊಂಡರೆ ಆ ಪಿಕ್ಸೆಲ್ ತಪ್ಪು ಬಣ್ಣದಲ್ಲಿ ಮಿಂಚಿ ಹೋಗುತ್ತದೆ, ಅಷ್ಟೇ. ಹಾಗಾಗಿ ಚುಕ್ಕೆ ಎಣಿಸಿದರೆ ತಪ್ಪನ್ನೇ ಎಣಿಸಿದಂತೆ.

ನನ್ನ ಕೇಬಲ್ 5 ಮೀಟರ್ ಉದ್ದದ್ದು, ಮೊದಲು ಮೇಜು ಕಿಟಕಿಯ ಹತ್ತಿರ ಇದ್ದಾಗ ತಂದದ್ದು. ಅದರಲ್ಲಿ ಲೆಕ್ಕ ಸಿಗುತ್ತಿರಲಿಲ್ಲ. ಒಂದೂವರೆ ಮೀಟರಿನ ದಪ್ಪ ಕೇಬಲ್ ತಂದು ಹಾಕಿದೆ, ಐದು ನಿಮಿಷಕ್ಕೆ 26 ಚುಕ್ಕೆ. ದೊಡ್ಡ ಇಳಿತ. ಆದರೆ ಪ್ರೂಫ್ ನೋಡುವಾಗ ಪುಟದ ಮೇಲೆ ಚುಕ್ಕೆ ಮಿಂಚಿದರೆ ಅನುಸ್ವಾರವೋ ಪೂರ್ಣವಿರಾಮವೋ ಎಂದು ಕಣ್ಣು ಅಲ್ಲಿಗೇ ಓಡುತ್ತದೆ. 26 ಸಹ ಸಲ್ಲದು.

ಪ್ಲಗ್ಗನ್ನು ಬೆರಳಿಂದ ತುಸು ಮೇಲಕ್ಕೆ ಒತ್ತಿ ಹಿಡಿದರೆ ಚುಕ್ಕೆ ಕಡಿಮೆಯಾಗುತ್ತಿತ್ತು. ಉದ್ದ ಕೇಬಲಿನ ಭಾರ ವರ್ಷಗಟ್ಟಲೆ ಜೋತುಬಿದ್ದು ಲ್ಯಾಪ್‌ಟಾಪಿನ ಪೋರ್ಟು ಸಡಿಲಾಗಿದೆ. ಫೋಟೋ, ವಿಡಿಯೋ ನೋಡಿದ ಹುಬ್ಬಳ್ಳಿಯ ರಿಪೇರಿಯವರು ‘ಪೋರ್ಟ್ ಬದಲಿ ಮಾಡ್ಬೇಕ್ರಿ ಅಕ್ಕಾರ, ಬೋರ್ಡ್ ಹೊರಗ ತಗೀಬೇಕು, ನಾಕು ದಿನಾ ಬಿಟ್ಟು ಹೋಗ್ರಿ’ ಎಂದರು. ಮುಹೂರ್ತದ ಹೊತ್ತಿನಲ್ಲಿ ನಾಲ್ಕು ದಿನ ಬಿಟ್ಟಿರಲು ಬರುವುದಿಲ್ಲ. ಬೇರೆ ಪೋರ್ಟ್ ಇದೆಯೇ ನೋಡಿದೆ. ಡಿಸ್‌ಪ್ಲೇಪೋರ್ಟ್ ಇಲ್ಲ, ಇರುವ ಯುಎಸ್‌ಬಿ ಪೋರ್ಟುಗಳಲ್ಲಿ ಚಿತ್ರ ಹೊರಬರುವುದಿಲ್ಲ. ನಿಮ್ಮದರಲ್ಲಿ ಅಂಥದ್ದು ಇದ್ದರೆ ಮೊದಲು ಅದನ್ನೇ ಹಚ್ಚಿ ನೋಡಿ, ಮುಂದಿನದು ಯಾವುದೂ ಬೇಕಾಗದೆ ಹೋಗಬಹುದು.

ಟಿವಿಯಲ್ಲಿ ಮಾತ್ರ ಏಕೆ ಸರಿ ಇತ್ತು? ಉತ್ತರ ಲೆಕ್ಕದಲ್ಲಿತ್ತು. ಟಿವಿಗೆ ಹೋಗುತ್ತಿದ್ದುದು 1920×1080, ಸೆಕೆಂಡಿಗೆ 60 ಸಲ. ಅದರ ಪಿಕ್ಸೆಲ್ ಕ್ಲಾಕ್, ಅಂದರೆ ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಸಾಗುತ್ತವೆ ಎಂಬ ಎಣಿಕೆ, 148.5 ಮೆಗಾಹರ್ಟ್ಸ್. ಮಾನಿಟರಿಗೆ ಹೋಗುತ್ತಿದ್ದುದು 2560×1440, ಅದರ ಕ್ಲಾಕ್ 241.5. ಎಚ್‌ಡಿಎಂಐನಲ್ಲಿ ಒಂದೊಂದು ಬಣ್ಣದ ದಾರಿಯಲ್ಲಿ ಪ್ರತಿ ಕ್ಲಾಕಿಗೆ 10 ಬಿಟ್ ಸಾಗುತ್ತವೆ. ಅಂದರೆ ಟಿವಿಗೆ ದಾರಿಯೊಂದಕ್ಕೆ ಸೆಕೆಂಡಿಗೆ ಸುಮಾರು 148 ಕೋಟಿ ಬಿಟ್, ಮಾನಿಟರಿಗೆ 241 ಕೋಟಿ. ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4, ಆ ಆವೃತ್ತಿಯ ಮಿತಿ 340 ಮೆಗಾಹರ್ಟ್ಸ್. ಹೊಸ ಪೋರ್ಟಿಗೆ 241 ದೊಡ್ಡ ಮಾತಲ್ಲ. ಸಡಿಲ ಪೋರ್ಟಿನಲ್ಲಿ ಅಲೆಯ ಅಂಚು ಮೊಂಡಾಗುತ್ತದೆ, ಬಿಟ್ಟಿನ ಅವಧಿ ಕಿರಿದಾದಷ್ಟೂ ಸೊನ್ನೆಯೋ ಒಂದೋ ಹೇಳುವುದು ಕಷ್ಟ. ಪೋರ್ಟ್ ಪೂರ್ತಿ ಸತ್ತಿಲ್ಲ, ಓಟದಲ್ಲಿ ಏದುಸಿರು ಬಿಡುತ್ತಿದೆ. ಹಾಗಾದರೆ ಓಟ ನಿಧಾನ ಮಾಡಬೇಕು.

ಸುಲಭದ ದಾರಿ, ಮಾನಿಟರನ್ನೂ 1920×1080ಕ್ಕೆ ಇಳಿಸುವುದು. ಇಳಿಸಿದೆ. ಚುಕ್ಕೆ ಸೊನ್ನೆ. ಆದರೆ ಅಕ್ಷರವೆಲ್ಲ ಮಸುಕು. ಒಂದು ಪಿಕ್ಸೆಲ್ಲನ್ನು ಒಂದೂ ಕಾಲು ಪಾಲಿಗಿಂತ ತುಸು ಹೆಚ್ಚು, ನಿಖರವಾಗಿ 1.33 ಪಿಕ್ಸೆಲ್ಲಿಗೆ ಹಿಗ್ಗಿಸಬೇಕಾಗುತ್ತದೆ, ಅಂಚು ಕಲಸಿಹೋಗುತ್ತದೆ. ಒತ್ತಕ್ಷರ ನೋಡಲೆಂದೇ ತಂದ ಮಾನಿಟರಿನಲ್ಲಿ ಒತ್ತಕ್ಷರವೇ ಕಾಣದಾಯಿತು. 2560×1440 ಹಾಗೇ ಇಟ್ಟು ಸೆಕೆಂಡಿಗೆ 30 ಸಲಕ್ಕೆ ಇಳಿಸಿದರೆ ಮೌಸಿನ ಬಾಣ ಕೈಗಿಂತ ಹಿಂದೆ ಉಳಿಯುತ್ತದೆ, ಅರ್ಧ ತಾಸಿಗೆ ತಲೆನೋವು.

ಉಳಿದದ್ದು 50. ಸೆಟ್ಟಿಂಗ್ಸಿನಲ್ಲಿ ಅದು ಇಲ್ಲ, ನಾವೇ ಕಟ್ಟಬೇಕು. ಹನ್ನೊಂದನೆಯ ದಿನ ಕೂತೆ. ಲಾಗಿನ್ ಆಗುವಾಗ ಗಿಯರ್ ಗುರುತು ಒತ್ತಿ, ಪರದೆಗೆ ಚಿತ್ರ ಬರೆಯುವ ಎರಡು ವ್ಯವಸ್ಥೆಗಳಲ್ಲಿ ವೇಲ್ಯಾಂಡ್ ಬದಲು ಎಕ್ಸ್‌ಆರ್ಗ್ ಆರಿಸಿಕೊಂಡೆ, ಎಕ್ಸ್‌ರಾಂಡರ್ ಆಜ್ಞೆಯಿಂದ ಹೊಸ ಮೋಡ್ (ಪರದೆಯ ಅಳತೆ, ವೇಗಗಳ ಜೋಡಿ) ಸೇರಿಸಲು ಅದೇ ಬೇಕು. ಸಿವಿಟಿ ಎಂಬ ಆಜ್ಞೆಗೆ 2560, 1440, 50 ಎಂದು ಕೊಟ್ಟರೆ ಒಂದು ಸಾಲು ಅಂಕಿ ಕೊಡುತ್ತದೆ. ಅದನ್ನು ಹಾಗೇ ಹಾಕಿದೆ. ಚುಕ್ಕೆ ಇಳಿಯುವ ಬದಲು ಏರಿತು! ಮಧ್ಯೆ ಮಧ್ಯೆ ಪರದೆ ಹರಿದಂತಾಗುತ್ತಿತ್ತು. 60ರಿಂದ 50ಕ್ಕೆ ಇಳಿಸಿದ್ದೇನೆ, ಕೆಲಸ ಕಡಿಮೆಯಾಗಬೇಕು, ಹೆಚ್ಚೇಕಾಯಿತು?

ಅಪ್ಪ ಮಧ್ಯಾಹ್ನದ ಚಹಾ ತಗೊಂಡು ಬಂದಿದ್ದರು. ಅವರಿಗೆ ಹೇಳುತ್ತ ಹೇಳುತ್ತ ಆ ಅಂಕಿಗಳನ್ನು ಬಿಡಿಸಿದೆ. ಅಡ್ಡಕ್ಕೆ 2560 ಪಿಕ್ಸೆಲ್ ಕಾಣುತ್ತವೆ, ಆದರೆ ಒಂದು ಸಾಲಿನ ಒಟ್ಟು ಉದ್ದ 3456. ಉದ್ದಕ್ಕೆ 1440 ಸಾಲು ಕಾಣುತ್ತವೆ, ಒಟ್ಟು 1484. ಕಾಣದ ಉಳಿಕೆಗೆ ಬ್ಲ್ಯಾಂಕಿಂಗ್ ಎನ್ನುತ್ತಾರೆ. ದಪ್ಪ ಗಾಜಿನ ಹಳೆಯ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಬರೆದು ಮುಂದಿನ ಸಾಲಿನ ತಲೆಗೆ ಮರಳಲು ಬೇಕಾಗಿದ್ದ ಬಿಡುವು ಅದು. ಈಗ ಕಿರಣವಿಲ್ಲ, ಬಿಡುವಿನ ರೂಢಿ ಉಳಿದಿದೆ.

ಅಪ್ಪ ಕೇಸಿನ ಕಡೆ ನೋಡಿ ಅಂದರು: ‘ನಮ್ಮಲ್ಲೂ ಹಂಗ ಇತ್ತಲ್ಲ ತಂಗೀ. ಓದವ್ರಿಗೆ ಸಾಲಿನ ನಡು ಬರೇ ಬಿಳಿ ಕಾಣ್ತದ. ನಮಗ ಅಲ್ಲೂ ಸೀಸಾ ಹಾಕಬೇಕು. ಹಾಳಿ ಮ್ಯಾಲೆ ಮೂಡದ ಸೀಸಾನೂ ಎತ್ತೂಮುಂದ ತೂಕ ಆಗ್ತಿತ್ತು.’

ಅದೇ ಮಾತು. ಪುಟದಲ್ಲಿ ಮೂಡದಿದ್ದರೂ ಕೇಬಲಿನಲ್ಲಿ ಹೊರಬೇಕು. ಗುಣಾಕಾರ ಮಾಡಿದೆ. ಕಾಣುವ ಪಿಕ್ಸೆಲ್ 36,86,400. ನಾನು ಹಾಕಿದ ಹೊಸ ಮೋಡಿನಲ್ಲಿ ಒಟ್ಟು 51,28,704. ಕಾಣದ ಸೀಸವೇ ಹದಿನಾಲ್ಕು ಲಕ್ಷದ ಮೇಲೆ! ಐವತ್ತರಿಂದ ಗುಣಿಸಿದರೆ 256 ಮೆಗಾಹರ್ಟ್ಸ್, ಮೊದಲಿನ 241.5ಕ್ಕಿಂತ ಹೆಚ್ಚು. ಮೊದಲಿನ 60ರ ಮೋಡಾದರೋ ಬ್ಲ್ಯಾಂಕಿಂಗ್ ಕತ್ತರಿಸಿದ್ದು: ಅಡ್ಡಕ್ಕೆ ಒಟ್ಟು 2720, ಉದ್ದಕ್ಕೆ 1481. ಗುಣಿಸಿದರೆ 40,28,320. ಖಾಲಿ ಜಾಗ ಬರೀ ಮೂರೂವರೆ ಲಕ್ಷದೊಳಗೆ.

ಟಿವಿಗಳ ಲೆಕ್ಕದಲ್ಲೂ ಇದೇ ಗುಟ್ಟು ಇದೆ. 1080ರಲ್ಲಿ 60ರಿಂದ 50ಕ್ಕೆ ಇಳಿಸಿದರೆ ಕ್ಲಾಕ್ ಇಳಿಯುವುದಿಲ್ಲ, ಅದೇ 148.5. ಸಾಲಿನ ಒಟ್ಟು ಉದ್ದವನ್ನು 2200ರಿಂದ 2640ಕ್ಕೆ ಹಿಗ್ಗಿಸಿ ಸರಿದೂಗಿಸುತ್ತಾರೆ. 50ಕ್ಕೆ ಇಳಿಸಿದೆ, ಉಪಯೋಗವಾಗಲಿಲ್ಲ ಎನ್ನುವವರು ಈ ಒಟ್ಟು ಅಂಕಿಯನ್ನು ಒಮ್ಮೆ ನೋಡಬೇಕು.

ಹಾಗಾದರೆ 60ರ ಮೋಡಿನ ಕಡಿಮೆ ಸೀಸವನ್ನೇ ಇಟ್ಟುಕೊಂಡು 50ಕ್ಕೆ ಓಡಿಸಬೇಕು. ಸಿವಿಟಿಗೆ ಬ್ಲ್ಯಾಂಕಿಂಗ್ ಕತ್ತರಿಸುವ ಆಯ್ಕೆ ಇದೆ, ಆದರೆ ಅದು 60, 120 ಇಂಥ ಅರವತ್ತರ ಮಗ್ಗಿಗೆ ಮಾತ್ರ ಒಪ್ಪುತ್ತದೆ. ಕೈಯಿಂದಲೇ ಬರೆದೆ. 40,28,320 ಗುಣಿಲೆ 50, ಅಂದರೆ 201.42 ಮೆಗಾಹರ್ಟ್ಸ್. ಉಳಿದ ಅಂಕಿಗಳನ್ನು ಮುಟ್ಟಲಿಲ್ಲ. ಬೇಕಾದವರಿಗೆ ಪೂರ್ತಿ ಸಾಲು:

201.42, ಆಮೇಲೆ 2560 2608 2640 2720, ಆಮೇಲೆ 1440 1443 1448 1481, ಅಡ್ಡ ಸಿಂಕ್ ಪ್ಲಸ್, ಉದ್ದ ಸಿಂಕ್ ಮೈನಸ್.

ಹಾಕುವ ಮೊದಲು ಮಾನಿಟರಿನ ಪುಸ್ತಿಕೆಯಲ್ಲಿ ಅದು ಒಪ್ಪುವ ಮಿತಿ ನೋಡಿದೆ: ಉದ್ದಕ್ಕೆ 30ರಿಂದ 75 ಹರ್ಟ್ಸ್, ಅಡ್ಡಕ್ಕೆ 30ರಿಂದ 90 ಕಿಲೋಹರ್ಟ್ಸ್. ನನ್ನದು 50 ಮತ್ತು 74. ಒಳಗೇ ಇದೆ. ಈ ಮಿತಿ ನೋಡದೆ ಯಾರೂ ಹಾಕಬಾರದು. ಎಕ್ಸ್‌ರಾಂಡರಿನಲ್ಲಿ ಮೂರು ಹೆಜ್ಜೆ: ಹೊಸ ಮೋಡ್ ಹುಟ್ಟಿಸುವುದು, ಅದನ್ನು ಎಚ್‌ಡಿಎಂಐ ಪೋರ್ಟಿಗೆ ಸೇರಿಸುವುದು, ಅದನ್ನೇ ಬಳಸು ಎಂದು ಹೇಳುವುದು. ಪರದೆ ಒಂದು ಗಳಿಗೆ ಕಪ್ಪಾಗಿ, ಮರಳಿ ಬಂತು. ಮಾನಿಟರಿನ ಮೆನುವಿನಲ್ಲಿ 2560×1440, 50 ಹರ್ಟ್ಸ್ ಎಂದಿತ್ತು.

ಬೂದು ಬಣ್ಣ ಹಚ್ಚಿ ಐದು ನಿಮಿಷ ಕೂತೆ. ಒಂದೂ ಇಲ್ಲ. ಇನ್ನೊಂದೈದು ನಿಮಿಷ. ಅಪ್ಪನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ನಿಂತರು. ಹತ್ತೂ ನಿಮಿಷ ಇಬ್ಬರ ಕಣ್ಣಿಗೂ ಒಂದು ಚುಕ್ಕೆ ಬೀಳಲಿಲ್ಲ.

50ಕ್ಕೂ 60ಕ್ಕೂ ಕಣ್ಣಿಗೆ ಏನು ಫರಕು ಎಂದರೆ, ಪುಟ ಜೋರಾಗಿ ಸರಿಸಿದಾಗ ಮಾತ್ರ ತುಸು ಗೊತ್ತಾಗುತ್ತದೆ. ನಿಂತ ಪುಟದಲ್ಲಿ ಏನೂ ಇಲ್ಲ. ಎಲ್‌ಇಡಿ ದೀಪ ಹಿಂದೆ ತನ್ನಷ್ಟಕ್ಕೆ ಉರಿಯುತ್ತಿರುವುದರಿಂದ ಹಳೆಯ ಗಾಜಿನ ಮಾನಿಟರಿನಂತೆ 50ಕ್ಕೆ ಕಣ್ಣು ಕುಕ್ಕುವುದಿಲ್ಲ.

ಕಾಯಂ ಮಾಡಿದ್ದು

ಆ ಮೂರು ಆಜ್ಞೆಗಳನ್ನು ಒಂದು ಫೈಲಿಗೆ ಬರೆದು, ಲಾಗಿನ್ ಆದ ಕೂಡಲೇ ತಾನೇ ಓಡುವಂತೆ ಇಟ್ಟೆ. ಮೊದಲ ಸಲ ಕೆಲಸ ಮಾಡಲಿಲ್ಲ. ಮಾನಿಟರ್ ಎಚ್ಚರಾಗುವ ಮೊದಲೇ ಆಜ್ಞೆ ಓಡಿಹೋಗುತ್ತಿತ್ತು. ಮುಂದೆ ಐದು ಸೆಕೆಂಡು ಕಾಯುವ ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಪೋರ್ಟಿಗೂ ಒಂದು ಆಸರೆ ಮಾಡಿದೆ. ಅಪ್ಪನ ಒಡೆದ ಕೇಸಿನಿಂದ ಒಂದು ಖಾನೆಯ ಮರದ ಪಟ್ಟಿ ಕೊಯ್ದು, ಅರದಿಂದ ತಿಕ್ಕಿ, ಪ್ಲಗ್ಗಿನ ಕೆಳಗೆ ಅಳತೆಗೆ ಕೂಡುವಂತೆ ಇಟ್ಟೆ. ಕೇಬಲನ್ನು ಮೇಜಿನ ಕಾಲಿಗೆ ಬೈಂಡಿಂಗ್ ದಾರದಿಂದ ಕಟ್ಟಿದೆ. ಈಗ ಕೇಬಲಿನ ಭಾರ ಮೇಜಿನ ಮೇಲೆ, ಪೋರ್ಟಿನ ಮೇಲಲ್ಲ. ಪಟ್ಟಿ ಇಟ್ಟು 60ಕ್ಕೆ ಒಮ್ಮೆ ಏರಿಸಿ ನೋಡಿದೆ, ಐದು ನಿಮಿಷಕ್ಕೆ 11 ಚುಕ್ಕೆ. ಮತ್ತೆ 50ಕ್ಕೇ ಇಳಿಸಿದೆ.

ಹದಿನೆಂಟನೆಯ ದಿನ, ಗುರುವಾರ

ಒಂಬತ್ತನೆಯ ಫಾರ್ಮಿನ ಪ್ರೂಫ್ ಮುಗಿಯಿತು. ಬಿಲ್ ಬುಕ್ಕಿನ ಹಿಂದಿನ ‘ಕ’ ಕಾಲಂ ಹತ್ತು ದಿನದಿಂದ, ‘ಚ’ ಕಾಲಂ ಏಳು ದಿನದಿಂದ ಖಾಲಿ ಇವೆ, ಆ 60ರ ಪರೀಕ್ಷೆ ಬಿಟ್ಟು. ಆಷಾಢದಲ್ಲಿ ಲಗ್ನ ಇರುವುದಿಲ್ಲ, ಕೆಲಸ ಇಳಿಮುಖ. ಆಗ ಲ್ಯಾಪ್‌ಟಾಪನ್ನು ಹುಬ್ಬಳ್ಳಿಗೆ ಒಯ್ದು ಪೋರ್ಟ್ ಬದಲಿ ಮಾಡಿಸುತ್ತೇನೆ, ಬಂದ ಮೇಲೆ 241.5ರಲ್ಲಿ ಬೂದು ಪರದೆ ಹಚ್ಚಿ ಮತ್ತೆ ಎಣಿಸುತ್ತೇನೆ. ಸಾಗವಾನಿ ಕುರ್ಚಿಯನ್ನು ಮಾತ್ರ ಮನೆಗೆ ಕಳಿಸುವುದಿಲ್ಲ. ನಾಳೆ ಶುಕ್ರವಾರ, ನಾಡಿದ್ದು ಗುಂಡಿಗೆ ನೀರು.